ಎನ್‌ವಿಡಿಎ ವಿಮರ್ಶೆ: ಹಳ್ಳಿಯ ಅಂಧ ವಿದ್ಯಾರ್ಥಿಗಳನ್ನು ಕಾಲೇಜಿಗೂ ಕೆಲಸಕ್ಕೂ ದಾಟಿಸುವ ಸ್ಕ್ರೀನ್ ರೀಡರ್

ಪಕ್ಕದವರು ಓದಿ ಹೇಳಿದ್ದನ್ನು ಕೇಳಿ ನೆನಪಿಟ್ಟುಕೊಂಡು, ಉತ್ತರ ಬರೆದುಕೊಡುವವರ ನೆರವಿನಿಂದ ಶಾಲೆ ಮುಗಿಸಿದ ಅಂಧ ವಿದ್ಯಾರ್ಥಿಗಳಿಗೆ ಆ ದಾರಿ ಕಾಲೇಜಿನ ಬಾಗಿಲಲ್ಲೇ ಮುಗಿದುಹೋಗುತ್ತದೆ. ಅಲ್ಲಿ ಅರ್ಜಿ ಆನ್‌ಲೈನ್, ನೋಟ್ಸ್ ಪಿಡಿಎಫ್, ಅಸೈನ್‌ಮೆಂಟ್ ವರ್ಡ್ ಫೈಲ್. ಕೆಲಸ ಸಿಕ್ಕಿದರೆ ಎಕ್ಸೆಲ್ ಮತ್ತು ಇಮೇಲ್. ಇವೆಲ್ಲವನ್ನೂ ಕಿವಿಯಿಂದ ನಡೆಸಿಕೊಡುವ ತಂತ್ರಾಂಶವೇ ಸ್ಕ್ರೀನ್ ರೀಡರ್. ವಿಂಡೋಸ್ ಕಂಪ್ಯೂಟರ್‌ಗೆ ಇರುವ ಸ್ಕ್ರೀನ್ ರೀಡರ್‌ಗಳಲ್ಲಿ ಎನ್‌ವಿಡಿಎಯನ್ನು, ಅಂದರೆ ನಾನ್‌ವಿಷುಯಲ್ ಡೆಸ್ಕ್‌ಟಾಪ್ ಆಕ್ಸೆಸ್ಸನ್ನು, ಒಂದೇ ಪ್ರಶ್ನೆ ಇಟ್ಟುಕೊಂಡು ಇಲ್ಲಿ ಪರಿಶೀಲಿಸಿದ್ದೇವೆ: ಪೇಟೆಯ ತರಬೇತಿ ಕೇಂದ್ರದಿಂದ ದೂರವಿರುವ, ಹಳೆಯ ಕಂಪ್ಯೂಟರ್ ಮತ್ತು ಬಂದುಹೋಗುವ ಇಂಟರ್‌ನೆಟ್ ಇರುವ ವಿದ್ಯಾರ್ಥಿಗೆ ಇದು ಸಾಕಾಗುತ್ತದೆಯೇ?

ಸಾಕಾಗುತ್ತದೆ. ಕೆಲಸ ಕೆಡುವುದು ಬೇರೆ ಎರಡು ಕಡೆ. ಇದನ್ನು ವಿದ್ಯಾರ್ಥಿಗಳ ಕೈಗೆ ತೀರಾ ತಡವಾಗಿ ಕೊಡುತ್ತಾರೆ. ಕೊಟ್ಟ ಮೇಲೆ, ಅದು ಓದಲಾಗದಂಥ ಫೈಲುಗಳನ್ನು ಮುಂದಿಡುತ್ತಾರೆ.

ಎನ್‌ವಿಡಿಎ ಹುಟ್ಟಿದ್ದು 2006ರಲ್ಲಿ, ಆಸ್ಟ್ರೇಲಿಯಾದಲ್ಲಿ. ಶುರುಮಾಡಿದವರು ಮೈಕೆಲ್ ಕರನ್, ಜೊತೆಗೂಡಿದವರು ಜೇಮ್ಸ್ ಟೆಹ್. ಇಬ್ಬರೂ ಅಂಧರು. ದುಡ್ಡು ಕೊಡಬೇಕಿಲ್ಲ, ಮೂಲ ಸಂಕೇತ ಎಲ್ಲರಿಗೂ ತೆರೆದಿದೆ, ಎಷ್ಟು ಕಂಪ್ಯೂಟರ್‌ಗೆ ಬೇಕಾದರೂ ಹಾಕಿಕೊಳ್ಳಬಹುದು, ಕಚೇರಿಯಲ್ಲಿ ಬಳಸಿದರೂ ಶುಲ್ಕವಿಲ್ಲ. ಇದು ಬರೀ ಉಳಿತಾಯದ ಮಾತಲ್ಲ. ಶಾಲೆಯಲ್ಲಿ ಕಲಿತ ಅದೇ ತಂತ್ರಾಂಶ ಮನೆಯಲ್ಲೂ ಇರುತ್ತದೆ, ಕಾಲೇಜಿನಲ್ಲೂ ಇರುತ್ತದೆ, ನಾಳೆ ಕೆಲಸದ ಮೇಜಿನ ಮೇಲೂ ಇರುತ್ತದೆ. ಲೈಸೆನ್ಸ್ ಮುಗಿಯಿತೆಂದು ಕಲಿಕೆ ನಡುವೆ ನಿಲ್ಲುವುದಿಲ್ಲ.

ಹಾಕಿಕೊಳ್ಳುವುದು

ಡೌನ್‌ಲೋಡ್ ಆದ ಫೈಲ್ ಮೇಲೆ ಎಂಟರ್ ಒತ್ತಿದರೆ ಸಾಕು, ಇನ್‌ಸ್ಟಾಲ್ ಆಗುವ ಮೊದಲೇ ಮಾತಾಡಲು ತೊಡಗುತ್ತದೆ. ಹಾಗಾಗಿ ಕಾಣುವವರ ಸಹಾಯವಿಲ್ಲದೆ ವಿದ್ಯಾರ್ಥಿಯೇ ಇದನ್ನು ಹಾಕಿಕೊಳ್ಳಬಹುದು. ಡೌನ್‌ಲೋಡ್ ಮಾಡುವಷ್ಟರ ಮಟ್ಟಿಗೆ ವಿಂಡೋಸ್‌ನಲ್ಲೇ ಇರುವ ನರೇಟರ್ ಎಂಬ ಸ್ಕ್ರೀನ್ ರೀಡರ್ ನೆರವಾಗುತ್ತದೆ. ವಿಂಡೋಸ್ ಕೀ, ಕಂಟ್ರೋಲ್, ಎಂಟರ್ ಮೂರನ್ನೂ ಒಟ್ಟಿಗೆ ಒತ್ತಿದರೆ ಅದು ಎದ್ದು ಕೂರುತ್ತದೆ. ಎನ್‌ವಿಡಿಎ ಷರತ್ತುಗಳಿಗೆ ಒಪ್ಪಿಗೆ ಕೇಳುತ್ತದೆ, ಆ ಪೆಟ್ಟಿಗೆಯನ್ನು ಸ್ಪೇಸ್‌ಬಾರ್‌ನಿಂದ ಗುರುತು ಮಾಡಬೇಕು. ಆಮೇಲೆ ಎರಡು ದಾರಿ: ಕಂಪ್ಯೂಟರ್‌ಗೇ ಇನ್‌ಸ್ಟಾಲ್ ಮಾಡುವುದು, ಇಲ್ಲವೇ ಪೆನ್‌ಡ್ರೈವ್‌ನಲ್ಲಿ ಪೋರ್ಟಬಲ್ ಪ್ರತಿ ಮಾಡಿಕೊಳ್ಳುವುದು.

ಎರಡನ್ನೂ ಮಾಡಿಕೊಳ್ಳಿ. ಮನೆಯ ಅಥವಾ ಶಾಲೆಯ ಕಂಪ್ಯೂಟರ್‌ಗೆ ಇನ್‌ಸ್ಟಾಲ್ ಮಾಡಿ. ಸೈಬರ್ ಕೆಫೆ, ಗ್ರಂಥಾಲಯ, ಸಂದರ್ಶನದ ಕೊಠಡಿಗಳಿಗೆ ಪೆನ್‌ಡ್ರೈವ್ ಜೇಬಿನಲ್ಲಿರಲಿ. ಪೋರ್ಟಬಲ್ ಪ್ರತಿಗೆ ಕೆಲವು ಮಿತಿಗಳಿವೆ: ವಿಂಡೋಸ್ ಪಾಸ್‌ವರ್ಡ್ ಕೇಳುವ ಪರದೆಯಲ್ಲಿ ಅದು ಮಾತಾಡದು, ಅಡ್ಮಿನಿಸ್ಟ್ರೇಟರ್ ಅನುಮತಿ ಕೇಳುವ ಪರದೆಯಲ್ಲೂ ಮೌನ. ಅಲ್ಲಿ ಸಿಕ್ಕಿಬಿದ್ದಾಗ ಕಂಪ್ಯೂಟರ್ ಹ್ಯಾಂಗ್ ಆಗಿದೆ ಎಂದುಕೊಳ್ಳುವವರೇ ಹೆಚ್ಚು.

ಮೊದಲ ಸಲ ಶುರುವಾದಾಗ ಬರುವ ಸ್ವಾಗತದ ಪೆಟ್ಟಿಗೆಯನ್ನು ಅವಸರದಲ್ಲಿ ಮುಚ್ಚಬೇಡಿ. ಲ್ಯಾಪ್‌ಟಾಪ್‌ನಲ್ಲಿ ಬಲಗಡೆ ಅಂಕಿಗಳ ಕೀಪ್ಯಾಡ್ ಇಲ್ಲದಿದ್ದರೆ ಕೀಬೋರ್ಡ್ ವಿನ್ಯಾಸವನ್ನು ಅಲ್ಲೇ ಲ್ಯಾಪ್‌ಟಾಪ್ ಎಂದು ಬದಲಿಸಬೇಕು. ಕ್ಯಾಪ್ಸ್‌ಲಾಕನ್ನು ಎನ್‌ವಿಡಿಎ ಕೀ ಆಗಿ, ಅಂದರೆ ಎನ್‌ವಿಡಿಎಗೆ ಆಜ್ಞೆ ಕೊಡಲು ಬೇರೆ ಕೀಗಳ ಜೊತೆ ಒತ್ತಿ ಹಿಡಿಯುವ ಕೀ ಆಗಿ, ಬಳಸುವ ಆಯ್ಕೆಯನ್ನೂ ಗುರುತು ಮಾಡಿ. ಮೊದಲಿಂದಲೂ ಆ ಕೆಲಸಕ್ಕಿರುವ ಇನ್ಸರ್ಟ್ ಕೀ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಮೂಲೆಯಲ್ಲಿ ಬೆರಳಿಗೆ ಸಿಗದಷ್ಟು ಸಣ್ಣದಾಗಿರುತ್ತದೆ. ದೊಡ್ಡಕ್ಷರ ಬೇಕಾದಾಗ ಕ್ಯಾಪ್ಸ್‌ಲಾಕನ್ನು ಬೇಗಬೇಗ ಎರಡು ಸಲ ಒತ್ತಿದರೆ ಅದು ತನ್ನ ಹಳೆಯ ಕೆಲಸ ಮಾಡುತ್ತದೆ.

ಇಂಟರ್‌ನೆಟ್ ಬೇಕಾಗುವುದು ಡೌನ್‌ಲೋಡ್‌ಗೆ ಮಾತ್ರ. ಮಾತಾಡುವ ಧ್ವನಿ ಒಳಗೇ ಇದೆ. ಹೊಸ ಆವೃತ್ತಿಯ ಫೈಲನ್ನು ಪೇಟೆಗೆ ಹೋದಾಗ ಪೆನ್‌ಡ್ರೈವ್‌ಗೆ ಇಳಿಸಿಕೊಂಡು ತಂದರೂ ನಡೆಯುತ್ತದೆ. ಶಾಲೆಗೆ ದಾನವಾಗಿ ಬಂದ ಹಳೆಯ ಕಂಪ್ಯೂಟರ್‌ನಲ್ಲಿ ವಿಂಡೋಸ್ 7 ಇದ್ದರೆ ಹೊಸ ಆವೃತ್ತಿ ಇನ್‌ಸ್ಟಾಲ್ ಆಗುವುದಿಲ್ಲ. ಅದಕ್ಕೆ ಒಗ್ಗುವ ಕೊನೆಯ ಸರಣಿ 2023.3. ಕಲಿಯಲು ಅದೂ ಸಾಕು. ಆದರೆ ಹೊಸ ವೆಬ್‌ಸೈಟ್‌ಗಳಲ್ಲಿ ಅರ್ಜಿ ತುಂಬಲು ಅಂಥ ಕಂಪ್ಯೂಟರನ್ನು ನಂಬಿಕೊಳ್ಳಬಾರದು.

ಕನ್ನಡ ಓದುವ ಪರಿ

ಕನ್ನಡ ಮಾಧ್ಯಮದ ಮಕ್ಕಳಿಗೆ ತುಂಬ ಮುಖ್ಯವಾದ ವಿಷಯವಿದು. ಎನ್‌ವಿಡಿಎ ಜೊತೆ ಬರುವ ಇಸ್ಪೀಕ್ ಎನ್‌ಜಿ ಎಂಬ ಧ್ವನಿ ಸಾಧನಕ್ಕೆ ಕನ್ನಡ ಬರುತ್ತದೆ. ಆದರೆ ವಿಂಡೋಸ್ 10 ಮತ್ತು 11ರಲ್ಲಿ ಎನ್‌ವಿಡಿಎ ತಾನಾಗಿ ಎತ್ತಿಕೊಳ್ಳುವುದು ವಿಂಡೋಸ್‌ನ ವನ್‌ಕೋರ್ ಧ್ವನಿಯನ್ನು. ಅದು ಇಂಗ್ಲಿಷ್ ಧ್ವನಿಯಾಗಿದ್ದರೆ ಕನ್ನಡ ಸಾಲು ಬಂದಾಗ ಸುಮ್ಮನಾಗುತ್ತದೆ, ಇಲ್ಲವೇ ಏನೋ ಗೊಣಗುತ್ತದೆ. 'ಎನ್‌ವಿಡಿಎಗೆ ಕನ್ನಡ ಬರುವುದಿಲ್ಲ' ಎಂಬ ಮಾತು ಹುಟ್ಟುವುದೇ ಇಲ್ಲಿ. ಎನ್‌ವಿಡಿಎ ಕೀ, ಕಂಟ್ರೋಲ್, ಎಸ್ ಒತ್ತಿ ಇಸ್ಪೀಕ್ ಎನ್‌ಜಿ ಆರಿಸಿ. ಆಮೇಲೆ ಎನ್‌ವಿಡಿಎ ಕೀ, ಕಂಟ್ರೋಲ್, ವಿ ಒತ್ತಿದರೆ ಧ್ವನಿಯ ಸೆಟ್ಟಿಂಗ್ ತೆರೆಯುತ್ತದೆ, ಅಲ್ಲಿ ಕನ್ನಡ ಆರಿಸಿ. ಕೊನೆಗೆ ಎನ್‌ವಿಡಿಎ ಕೀ, ಕಂಟ್ರೋಲ್, ಸಿ ಒತ್ತಿ ಉಳಿಸಿಕೊಳ್ಳಿ.

ಧ್ವನಿ ಇಂಪಾಗಿಲ್ಲ, ಯಂತ್ರದ್ದೇ ಧ್ವನಿ. ಮೊದಲ ವಾರ ಮಕ್ಕಳು ಮುಖ ಕಿವುಚುತ್ತಾರೆ. ಆದರೂ ಇದಕ್ಕೇ ಒಗ್ಗಿಕೊಳ್ಳಿ ಎನ್ನುತ್ತೇವೆ, ಏಕೆಂದರೆ ವೇಗ ಎಷ್ಟು ಏರಿಸಿದರೂ ಇದರಲ್ಲಿ ಅಕ್ಷರಗಳು ಒಂದರೊಳಗೊಂದು ಕರಗುವುದಿಲ್ಲ. ಕಾಲೇಜಿನ ಓದಿನ ರಾಶಿಯನ್ನು ಮುಗಿಸಬೇಕಾದರೆ ವೇಗ ಬೇಕೇಬೇಕು. ಕನ್ನಡವನ್ನು ನಿಧಾನವಾಗಿ ಶುರುಮಾಡಿ ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪವೇ ಏರಿಸಿ. ಒಮ್ಮೆಗೇ ಏರಿಸಿದರೆ ಕೇಳಿಸುವುದನ್ನು ಊಹಿಸಿಕೊಳ್ಳುವ ಅಭ್ಯಾಸ ಬೀಳುತ್ತದೆ, ಕಾಗುಣಿತ ಕೆಡುತ್ತದೆ. ವಾರಕ್ಕೆರಡು ಸಲವಾದರೂ ಒಂದು ಪ್ಯಾರಾವನ್ನು ಬಾಣದ ಕೀಲಿಯಿಂದ ಅಕ್ಷರ ಅಕ್ಷರವಾಗಿ ಓದಿಸಿ. ಕಿವಿಯಿಂದ ಮಾತ್ರ ಓದಿದವರ ಬರವಣಿಗೆಯಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳು ಅದಲುಬದಲಾಗುವುದಕ್ಕೆ ಇದೇ ಮದ್ದು.

ಎನ್‌ವಿಡಿಎ ಸೋಲುವುದು 'ನುಡಿ', 'ಬರಹ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ಗಳ ಮುಂದೆ. ಪ್ರತಿ ಭಾಷೆಯ ಅಕ್ಷರಕ್ಕೂ ಅದರದ್ದೇ ಸಂಕೇತ ಕೊಡುವ ಯೂನಿಕೋಡ್‌ಗೆ ಮುಂಚಿನ ಆ ಫಾಂಟ್‌ಗಳಲ್ಲಿ ಟೈಪ್ ಮಾಡಿದ ನೋಟ್ಸ್ ಕಣ್ಣಿಗೆ ಕನ್ನಡವೇ. ಫೈಲಿನ ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಫಾಂಟ್ ಅವುಗಳಿಗೆ ಕನ್ನಡದ ವೇಷ ತೊಡಿಸಿರುತ್ತದೆ. ಸ್ಕ್ರೀನ್ ರೀಡರ್ ಓದುವುದು ವೇಷವನ್ನಲ್ಲ, ಒಳಗಿರುವುದನ್ನು. ಅದಕ್ಕೇ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸುರಿಮಳೆ ಕೇಳಿಸುತ್ತದೆ. ಉಪನ್ಯಾಸಕರು ಇದನ್ನು ಅರ್ಧ ನಿಮಿಷದಲ್ಲಿ ಪರೀಕ್ಷಿಸಬಹುದು: ವರ್ಡ್‌ನಲ್ಲಿ ಒಂದು ಸಾಲನ್ನು ಆಯ್ದು ಫಾಂಟನ್ನು ಏರಿಯಲ್‌ಗೆ ಬದಲಿಸಿ. ಸಾಲು ಕನ್ನಡವಾಗಿಯೇ ಉಳಿದರೆ ಯೂನಿಕೋಡ್. ಇಂಗ್ಲಿಷ್ ಅಕ್ಷರಗಳ ಗೋಜಲಾದರೆ ಹಳೆಯ ಫಾಂಟ್. ಹಾಗಾದರೆ ಪರಿವರ್ತಕದಿಂದ ಯೂನಿಕೋಡ್‌ಗೆ ಬದಲಿಸಿ ಕೊಡಬೇಕು. ಒತ್ತಕ್ಷರ ಮತ್ತು ಅರ್ಕಾವೊತ್ತು ಇರುವ ಪದಗಳಲ್ಲಿ ಅಲ್ಲಲ್ಲಿ ತಪ್ಪು ನುಸುಳಬಹುದು, ಒಮ್ಮೆ ಕಣ್ಣಾಡಿಸಿ. ಒಬ್ಬ ಉಪನ್ಯಾಸಕರು ಒಂದು ವರ್ಷ ಇಷ್ಟು ಮಾಡಿದರೆ ಮುಂದೆ ಬರುವ ಎಲ್ಲ ಅಂಧ ವಿದ್ಯಾರ್ಥಿಗಳಿಗೂ ಆ ನೋಟ್ಸ್ ದಕ್ಕುತ್ತದೆ.

ಸ್ಕ್ಯಾನ್ ಮಾಡಿದ ಪಿಡಿಎಫ್ ಇನ್ನೊಂದು ತಲೆನೋವು. ಅದು ಬರೀ ಚಿತ್ರವಾದ್ದರಿಂದ ಎನ್‌ವಿಡಿಎಗೆ ಪುಟ ಖಾಲಿ. ಎನ್‌ವಿಡಿಎ ಕೀ ಮತ್ತು ಆರ್ ಒತ್ತಿದರೆ ವಿಂಡೋಸ್‌ನ ಓಸಿಆರ್ ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸಿ ಓದಿಸುತ್ತದೆ. ಇಂಗ್ಲಿಷ್ ಪುಟಗಳಿಗೆ ಒಳ್ಳೆಯ ಉಪಾಯ, ಕನ್ನಡ ಪುಟಗಳಿಗೆ ಆಗದು. ಕನ್ನಡಕ್ಕೆ ಆ ಫೈಲನ್ನು ಗೂಗಲ್ ಡ್ರೈವ್‌ಗೆ ಏರಿಸಿ ಗೂಗಲ್ ಡಾಕ್ಸ್‌ನಲ್ಲಿ ತೆರೆಯಬೇಕು, ಅಥವಾ ಕನ್ನಡ ಬಲ್ಲ ಉಚಿತ ಓಸಿಆರ್ ತಂತ್ರಾಂಶ ಟೆಸರಾಕ್ಟ್ ಬಳಸಬೇಕು. ಓರೆಯಾಗಿ, ನೆರಳು ಬಿದ್ದಂತೆ ತೆಗೆದ ಮೊಬೈಲ್ ಫೋಟೊದಿಂದ ಯಾವ ಓಸಿಆರ್‌ಗೂ ಒಳ್ಳೆಯ ಫಲ ಬರುವುದಿಲ್ಲ. ಪುಸ್ತಕವನ್ನು ಚಪ್ಪಟೆಯಾಗಿ ಇಟ್ಟು, ಬೆಳಕು ಪಕ್ಕದಿಂದ ಬೀಳುವಂತೆ ನೋಡಿಕೊಂಡು, ಒಂದು ಸಲಕ್ಕೆ ಒಂದೇ ಪುಟ ತೆಗೆಯಿರಿ.

ಅರ್ಜಿ ತುಂಬುವುದು, ಹತ್ತಿರದಿಂದ

ಕಾಲೇಜಾಗಲಿ ಕೆಲಸವಾಗಲಿ ಮೊದಲು ಎದುರಾಗುವುದು ಆನ್‌ಲೈನ್ ಅರ್ಜಿ. ಇಲ್ಲಿ ಒಂದು ಸಂಗತಿ ಮನಸ್ಸಿಗೆ ಇಳಿಯದಿದ್ದರೆ ಏನೂ ನಡೆಯುವುದಿಲ್ಲ. ವೆಬ್‌ಪುಟದಲ್ಲಿ ಎನ್‌ವಿಡಿಎಗೆ ಎರಡು ಸ್ಥಿತಿಗಳಿವೆ. ಬ್ರೌಸ್ ಮೋಡ್‌ನಲ್ಲಿ ಅಕ್ಷರದ ಕೀಗಳು ಟೈಪ್ ಆಗುವುದಿಲ್ಲ, ಪುಟದಲ್ಲಿ ನಮ್ಮನ್ನು ಓಡಾಡಿಸುತ್ತವೆ: ಎಚ್ ಒತ್ತಿದರೆ ಮುಂದಿನ ಶೀರ್ಷಿಕೆ, ಕೆ ಒತ್ತಿದರೆ ಕೊಂಡಿ, ಎಫ್ ಒತ್ತಿದರೆ ತುಂಬಬೇಕಾದ ಜಾಗ, ಬಿ ಒತ್ತಿದರೆ ಬಟನ್, ಎಕ್ಸ್ ಒತ್ತಿದರೆ ಟಿಕ್ ಪೆಟ್ಟಿಗೆ, ಟಿ ಒತ್ತಿದರೆ ಕೋಷ್ಟಕ. ಶಿಫ್ಟ್ ಸೇರಿಸಿದರೆ ಹಿಂದಕ್ಕೆ. ಫೋಕಸ್ ಮೋಡ್‌ನಲ್ಲಿ ಅವೇ ಕೀಗಳು ಅಕ್ಷರ ಮೂಡಿಸುತ್ತವೆ. ಜಾಗ ಸಿಕ್ಕಿದ ಮೇಲೆ ಎಂಟರ್ ಒತ್ತಿದರೆ ಫೋಕಸ್ ಮೋಡ್, ಎಸ್ಕೇಪ್ ಒತ್ತಿದರೆ ಮತ್ತೆ ಬ್ರೌಸ್ ಮೋಡ್. ಎನ್‌ವಿಡಿಎ ಕೀ ಮತ್ತು ಸ್ಪೇಸ್‌ಬಾರ್‌ನಿಂದ ನಾವೇ ಬದಲಿಸಲೂಬಹುದು. ಫೋಕಸ್ ಮೋಡ್‌ಗೆ ಹೋದಾಗ ಟೈಪ್‌ರೈಟರ್‌ನಂಥ ಒಂದು ಸದ್ದು ಬರುತ್ತದೆ. ಹೊಸಬರು ತಮ್ಮ ಹೆಸರು ಟೈಪ್ ಮಾಡಿದಾಗ ಕರ್ಸರ್ ಪುಟದ ಇನ್ನೆಲ್ಲಿಗೋ ನೆಗೆಯುವುದು ಆ ಸದ್ದನ್ನು ಕಾಯದೆ ಇರುವುದರಿಂದ.

ಟ್ಯಾಬ್ ಒತ್ತುತ್ತಾ ಅರ್ಜಿ ತುಂಬುವುದನ್ನೇ ಎಷ್ಟೋ ಕಡೆ ಕಲಿಸುತ್ತಾರೆ. ಅದು ಅರ್ಧ ಕಲಿಕೆ. ಟ್ಯಾಬ್ ಖಾಲಿ ಜಾಗದಿಂದ ಖಾಲಿ ಜಾಗಕ್ಕೆ ನೆಗೆಯುತ್ತದೆ. ನಡುವೆ ಬರೆದಿರುವ ಸೂಚನೆ, ಷರತ್ತು, ತಪ್ಪಿನ ಸಂದೇಶ ಯಾವುದೂ ಕೇಳಿಸುವುದಿಲ್ಲ. ಮೊದಲು ಇಡೀ ಪುಟವನ್ನು ಕೆಳಬಾಣದಿಂದ ಸಾಲು ಸಾಲಾಗಿ ಓದಿ, ಆಮೇಲೆ ಎಫ್ ಬಳಸಿ ತುಂಬಿ, ಸಲ್ಲಿಸುವ ಮುನ್ನ ಮತ್ತೊಮ್ಮೆ ಮೇಲಿನಿಂದ ಬಾಣದಿಂದ ಬನ್ನಿ. ಸಲ್ಲಿಸಿದ ಮೇಲೂ ಅದೇ ಪುಟ ಉಳಿದರೆ ಎನ್‌ವಿಡಿಎ ಕೀ, ಕಂಟ್ರೋಲ್, ಎಫ್ ಒತ್ತಿ, ಆ ತಾಣ ತಪ್ಪಿಗೆ ಬಳಸುವ ಪದವನ್ನು ಹುಡುಕಿ. ಕೆಂಪು ಬಣ್ಣದಲ್ಲಷ್ಟೇ ತಪ್ಪು ತೋರಿಸುವ ತಾಣಗಳಲ್ಲಿ ಇದೂ ಕೈಕೊಡುತ್ತದೆ.

ಫೋಟೊ ಮತ್ತು ಸಹಿಯ ಫೈಲುಗಳನ್ನು ಮುಂಚೆಯೇ ಬೇಕಾದ ಅಳತೆಗೆ ಇಳಿಸಿ, ಗುರುತಾಗುವ ಹೆಸರಿಟ್ಟು ಒಂದು ಫೋಲ್ಡರ್‌ನಲ್ಲಿಡಿ. ಚಿತ್ರದಲ್ಲಿರುವ ಅಕ್ಷರ ಗುರುತಿಸಿ ಟೈಪ್ ಮಾಡಿ ಎನ್ನುವ ಕ್ಯಾಪ್ಚಾ ಬಂದರೆ ಆಡಿಯೊ ಆಯ್ಕೆ ಹುಡುಕಿ. ಅದಿಲ್ಲದಿದ್ದರೆ ಕಾಣುವವರೊಬ್ಬರ ನೆರವು ಬೇಕೇಬೇಕು. ಹಾಗಾಗಿ ಅರ್ಜಿಯನ್ನು ಕೊನೆಯ ದಿನದ ರಾತ್ರಿಗೆ ಇಟ್ಟುಕೊಳ್ಳಬಾರದು.

ಕೆಲಸದ ಮೇಜಿನ ಮೇಲೆ

ವರ್ಡ್‌ನಲ್ಲಿ ಎನ್‌ವಿಡಿಎ ಗಟ್ಟಿಗ. ಎನ್‌ವಿಡಿಎ ಕೀ ಮತ್ತು ಎಫ್ ಒತ್ತಿದರೆ ಕರ್ಸರ್ ಇರುವಲ್ಲಿಯ ಫಾಂಟ್, ಅಳತೆ, ದಪ್ಪಕ್ಷರ ಎಲ್ಲ ಹೇಳುತ್ತದೆ. ಎಕ್ಸೆಲ್‌ನಲ್ಲಿ ಅದು ಕೋಶದಲ್ಲಿರುವುದನ್ನೂ ಕೋಶದ ವಿಳಾಸವನ್ನೂ ಹೇಳುತ್ತದೆ, ಆದರೆ 'ಡಿ 47' ಎಂದು ಕೇಳಿದವರಿಗೆ ಡಿ ಎಂದರೆ ಸಂಬಳವೋ ರಜೆಯೋ ಹೇಗೆ ಗೊತ್ತಾಗಬೇಕು? ಶೀರ್ಷಿಕೆಗಳಿರುವ ಸಾಲಿನ ಮೊದಲ ಕೋಶಕ್ಕೆ ಹೋಗಿ ಎನ್‌ವಿಡಿಎ ಕೀ, ಶಿಫ್ಟ್, ಸಿ ಒತ್ತಿ. ಅಲ್ಲಿಂದ ಮುಂದೆ ಕಂಬದಿಂದ ಕಂಬಕ್ಕೆ ಸರಿದಾಗಲೆಲ್ಲ ಶೀರ್ಷಿಕೆಯನ್ನೂ ಹೇಳುತ್ತದೆ. ಸಾಲುಗಳ ಹೆಸರಿಗೆ ಸಿ ಬದಲು ಆರ್. ಡೇಟಾ ಎಂಟ್ರಿ, ಲೆಕ್ಕಪತ್ರದ ಕೆಲಸ ಹುಡುಕುವವರಿಗೆ ಇದೊಂದೇ ಸೂತ್ರ ಗಂಟೆಗಟ್ಟಲೆ ಉಳಿಸುತ್ತದೆ. ಆದರೂ ಇದನ್ನು ಕಲಿಸುವವರು ಕಡಿಮೆ.

ಫೋನಿನಲ್ಲಿ ಗ್ರಾಹಕರೊಡನೆ ಮಾತಾಡುವ ಕೆಲಸಕ್ಕೆ ಎನ್‌ವಿಡಿಎಯ 2024.2 ಆವೃತ್ತಿಯಲ್ಲಿ ಒಂದು ಒಳ್ಳೆಯ ಸೌಲಭ್ಯ ಬಂದಿದೆ: ಎನ್‌ವಿಡಿಎ ಕೀ, ಆಲ್ಟ್, ಎಸ್ ಒತ್ತಿದರೆ ಎನ್‌ವಿಡಿಎ ಧ್ವನಿ ಒಂದು ಕಿವಿಗೆ, ಉಳಿದ ಧ್ವನಿಗಳು ಇನ್ನೊಂದು ಕಿವಿಗೆ ಹೋಗುತ್ತವೆ. ಆನ್‌ಲೈನ್ ಪಾಠ ಕೇಳುತ್ತಾ ಟಿಪ್ಪಣಿ ಬರೆಯಲೂ ಇದೇ ಬೇಕು. ಎರಡೂ ಕಿವಿಗೆ ಬೇರೆಬೇರೆ ಧ್ವನಿ ಕೊಡುವ ವೈರ್ ಹೆಡ್‌ಫೋನ್ ಇಟ್ಟುಕೊಳ್ಳಿ. ಎಷ್ಟೋ ಬ್ಲೂಟೂತ್ ಇಯರ್‌ಫೋನ್‌ಗಳು ಸ್ವಲ್ಪ ಹೊತ್ತು ಸದ್ದಿಲ್ಲದಿದ್ದರೆ ಮಲಗಿಬಿಡುತ್ತವೆ, ಎಚ್ಚರವಾಗುವಷ್ಟರಲ್ಲಿ ಮೊದಲ ಅಕ್ಷರಗಳು ನುಂಗಿಹೋಗಿರುತ್ತವೆ.

ಜಾಸ್ ಎಂಬ, ದುಡ್ಡು ಕೊಟ್ಟು ಕೊಳ್ಳುವ ಸ್ಕ್ರೀನ್ ರೀಡರ್ ಹಳೆಯದು, ಡಾಸ್ ಕಾಲದಿಂದ ಇರುವಂಥದ್ದು. ಕಂಪನಿಗಳು ತಮಗಾಗಿ ಮಾಡಿಸಿಕೊಂಡ ತಂತ್ರಾಂಶಗಳಿಗೆ ಹೊಂದಿಸುವ ಸ್ಕ್ರಿಪ್ಟ್‌ಗಳ ವಿಷಯದಲ್ಲಿ ಅದರದ್ದೇ ಮೇಲುಗೈ. ಕೆಲಸ ಕೊಟ್ಟವರು ಜಾಸ್ ಕೊಟ್ಟರೆ ಹೆದರಬೇಕಿಲ್ಲ. ಎಚ್, ಎಫ್, ಟಿ, ಬಿ, ಎಕ್ಸ್ ಎರಡರಲ್ಲೂ ಒಂದೇ ಕೆಲಸ ಮಾಡುತ್ತವೆ. ದೂರದ ಸರ್ವರ್‌ನ ಪರದೆಯನ್ನು ರಿಮೋಟ್ ಡೆಸ್ಕ್‌ಟಾಪ್ ಮೂಲಕ ತೆರೆಯುವ ಕಚೇರಿಗಳಲ್ಲಿ ಮಾತ್ರ ಎಚ್ಚರ: ಆ ಪರದೆ ಎನ್‌ವಿಡಿಎಗೆ ಒಂದು ಚಿತ್ರವಷ್ಟೇ. ಎರಡೂ ಕಡೆ ಎನ್‌ವಿಡಿಎ ಇದ್ದರೆ ದಾರಿಯಿದೆ, ಒಂದು ಕಂಪ್ಯೂಟರ್‌ನಿಂದ ಇನ್ನೊಂದನ್ನು ನಡೆಸುವ ರಿಮೋಟ್ ಆಕ್ಸೆಸ್ 2025.1 ಆವೃತ್ತಿಯಿಂದ ಅದರೊಳಗೇ ಸೇರಿದೆ. ಕೆಲಸಕ್ಕೆ ಸೇರುವ ಮೊದಲೇ ಐಟಿ ವಿಭಾಗದವರ ಹತ್ತಿರ ಮೂರು ಪ್ರಶ್ನೆ ಕೇಳಿ: ಎನ್‌ವಿಡಿಎ ಇನ್‌ಸ್ಟಾಲ್ ಮಾಡಲು ಅನುಮತಿ ಸಿಗುತ್ತದೆಯೇ, ದಿನವೂ ಬಳಸುವ ತಂತ್ರಾಂಶ ಯಾವುದು, ರಿಮೋಟ್ ಡೆಸ್ಕ್‌ಟಾಪ್ ಇದೆಯೇ.

ಗಣಿತ, ವಿಜ್ಞಾನ ಓದುವವರಿಗೆ ಸಮೀಕರಣಗಳನ್ನು ಓದಿ ಹೇಳುವ ಮ್ಯಾತ್‌ಕ್ಯಾಟ್ ಬೇಕು. ಸಮೀಕರಣವನ್ನು ಮ್ಯಾತ್‌ಎಂಎಲ್ ಎಂಬ ಗಣಿತದ ಸಂಕೇತ ಭಾಷೆಯಲ್ಲಿ ಬರೆದಿದ್ದರೆ ಅದರೊಳಗೆ ಹೊಕ್ಕು ಭಾಗ ಭಾಗವಾಗಿ ಓದಬಹುದು, ಚಿತ್ರವಾಗಿ ಅಂಟಿಸಿದ್ದರೆ ಇಲ್ಲ.

ಸದ್ದು ನಿಂತಾಗ

ಹಳ್ಳಿಯಲ್ಲಿ ಪಕ್ಕದಲ್ಲಿ ಬಲ್ಲವರು ಇರುವುದಿಲ್ಲವಾದ್ದರಿಂದ ಇದನ್ನು ಮನೆಯವರಿಗೂ ಶಿಕ್ಷಕರಿಗೂ ಹೇಳಿಕೊಡಬೇಕು. ಎನ್‌ವಿಡಿಎ ಇದ್ದಕ್ಕಿದ್ದಂತೆ ಮೌನವಾದರೆ ಹೆಚ್ಚಾಗಿ ಎನ್‌ವಿಡಿಎ ಕೀ ಮತ್ತು ಎಸ್ ಕೈತಪ್ಪಿ ಒತ್ತಿಹೋಗಿರುತ್ತದೆ. ಮಾತು ಮರಳುವವರೆಗೆ ಅದನ್ನೇ ಮತ್ತೆ ಮತ್ತೆ ಒತ್ತಿ. ಒಂದೇ ತಂತ್ರಾಂಶದಲ್ಲಿ ಮೌನ, ಬೇರೆ ಕಡೆ ಮಾತು ಎಂದಾದರೆ ಅಲ್ಲಿ ಎನ್‌ವಿಡಿಎಯನ್ನು ಸುಮ್ಮನಿರಿಸುವ ಸ್ಲೀಪ್ ಮೋಡ್ ಬಿದ್ದಿದೆ. ಅದನ್ನು ತೆಗೆಯಲು ಡೆಸ್ಕ್‌ಟಾಪ್ ವಿನ್ಯಾಸದಲ್ಲಿ ಎನ್‌ವಿಡಿಎ ಕೀ, ಶಿಫ್ಟ್, ಎಸ್ ಒತ್ತಿ, ಲ್ಯಾಪ್‌ಟಾಪ್‌ನಲ್ಲಿ ಎಸ್ ಬದಲು ಜೆಡ್. ಪರದೆ ಪೂರ್ತಿ ಕಪ್ಪಾಗಿದ್ದರೂ ಮಾತು ಬರುತ್ತಿದ್ದರೆ ಕಂಪ್ಯೂಟರನ್ನು ರಿಪೇರಿಗೆ ಒಯ್ಯಬೇಡಿ. ಅದು ಸ್ಕ್ರೀನ್ ಕರ್ಟನ್, ಬೇರೆಯವರು ಇಣುಕದಂತೆ ಪರದೆ ಮುಚ್ಚುವ ಸೌಲಭ್ಯ. ಎನ್‌ವಿಡಿಎ ಕೀ, ಕಂಟ್ರೋಲ್, ಎಸ್ಕೇಪ್‌ನಿಂದ ತೆರೆಯುತ್ತದೆ. ಏನೂ ಆಗದಿದ್ದರೆ ಕಂಟ್ರೋಲ್, ಆಲ್ಟ್, ಎನ್ ಒತ್ತಿ ಹೊಸದಾಗಿ ಶುರುಮಾಡಿ. ಸೆಟ್ಟಿಂಗ್ ಕೆಟ್ಟು ಗೋಜಲಾದರೆ ಎನ್‌ವಿಡಿಎ ಕೀ, ಕಂಟ್ರೋಲ್, ಆರ್ ಅನ್ನು ಬೇಗಬೇಗ ಮೂರು ಸಲ ಒತ್ತಿದರೆ ಕಂಪನಿಯ ಮೂಲ ಸ್ಥಿತಿಗೆ ಬರುತ್ತದೆ; ಆಮೇಲೆ ಕನ್ನಡ ಧ್ವನಿಯನ್ನು ಮತ್ತೆ ಆರಿಸಬೇಕು.

ಯಂತ್ರದ ಮಾತು ಅರ್ಥವಾಗದ ಶಿಕ್ಷಕರಿಗೆ ಸ್ಪೀಚ್ ವ್ಯೂವರ್ ಇದೆ. ಎನ್‌ವಿಡಿಎ ಕೀ ಮತ್ತು ಎನ್ ಒತ್ತಿ, ಮೆನುವಿನ ಟೂಲ್ಸ್‌ನಲ್ಲಿ ಅದನ್ನು ತೆರೆದರೆ ಹೇಳುತ್ತಿರುವುದೆಲ್ಲ ಅಕ್ಷರವಾಗಿ ಕಾಣಿಸುತ್ತದೆ. ಕಲಿಸುವವರಿಗೆ ಸ್ವತಃ ಎನ್‌ವಿಡಿಎ ಬರದಿದ್ದರೂ ವಿದ್ಯಾರ್ಥಿ ಎಲ್ಲಿ ತಪ್ಪುತ್ತಿದ್ದಾರೆ ಎಂದು ತಿಳಿಯುತ್ತದೆ.

ಯಾರಿಗೆ, ಯಾವಾಗ

ಸ್ವಲ್ಪ ಕಾಣುವ, ದೊಡ್ಡಕ್ಷರವಿದ್ದರೆ ಓದಬಲ್ಲ ಮಕ್ಕಳಿಗೆ ಮೊದಲು ವಿಂಡೋಸ್‌ನ ಮ್ಯಾಗ್ನಿಫೈಯರ್ ಕೊಡಿ. ವಿಂಡೋಸ್ ಕೀ ಮತ್ತು ಪ್ಲಸ್ ಒತ್ತಿದರೆ ಬರುತ್ತದೆ. ಗಂಟೆಗಟ್ಟಲೆ ಓದಿ ಕಣ್ಣು ನೋಯುವವರು ಎರಡನ್ನೂ ಸೇರಿಸಿ ಬಳಸಲಿ. ಕಿವಿಯೂ ಮಂದವಾಗಿರುವವರಿಗೆ, ಪರದೆಯ ಅಕ್ಷರಗಳನ್ನು ಬೆರಳಿಗೆ ಸಿಗುವ ಚುಕ್ಕೆಗಳಾಗಿ ಎಬ್ಬಿಸುವ ಬ್ರೈಲ್ ಡಿಸ್‌ಪ್ಲೇ ಜೋಡಿಸಬಹುದು, ಕನ್ನಡ ಬ್ರೈಲ್ ಕೋಷ್ಟಕ ಎನ್‌ವಿಡಿಎಯಲ್ಲಿದೆ.

ಶಾಲೆ ಬಿಡುವುದಕ್ಕೆ ಎರಡು ವರ್ಷ ಮೊದಲು ಶುರುಮಾಡಿ ಎಂಬುದು ನಮ್ಮ ಒತ್ತಾಯದ ಸಲಹೆ. ಮೊದಲು ಟೈಪಿಂಗ್, ಎನ್‌ವಿಡಿಎ ಆಮೇಲೆ. ಎಫ್ ಮತ್ತು ಜೆ ಕೀಗಳ ಮೇಲಿನ ಉಬ್ಬುಗೆರೆಯನ್ನು ತೋರುಬೆರಳಿಗೆ ಗುರುತು ಮಾಡಿಸಿ, ಎನ್‌ವಿಡಿಎ ಕೀ ಮತ್ತು 1 ಒತ್ತಿ ಇನ್‌ಪುಟ್ ಹೆಲ್ಪ್ ಹಾಕಿಕೊಡಿ. ಆಗ ಯಾವ ಕೀ ಒತ್ತಿದರೂ ಅದರ ಹೆಸರು ಹೇಳುತ್ತದೆ, ಏನೂ ಕೆಡುವುದಿಲ್ಲ. ಕನ್ನಡಕ್ಕೆ ವಿಂಡೋಸ್‌ನಲ್ಲೇ ಇರುವ ಇನ್‌ಸ್ಕ್ರಿಪ್ಟ್ ಕೀಬೋರ್ಡ್ ವಿನ್ಯಾಸ ಕಲಿಸಿ, ಬೇರೆಯವರ ಕಂಪ್ಯೂಟರ್‌ನಲ್ಲೂ ಅದು ಸಿಗುತ್ತದೆ. ಆಮೇಲೆ ಫೋಲ್ಡರ್, ವರ್ಡ್, ವೆಬ್‌ಪುಟ, ಇಮೇಲ್, ಕೊನೆಗೆ ಎಕ್ಸೆಲ್. ಇಲ್ಲಿ ದಿನವೂ ಒಂದು ಗಂಟೆ ಕೂರುವುದರಿಂದ ಆಗುವಷ್ಟು ಲಾಭ ವಾರಕ್ಕೊಮ್ಮೆ ಇಡೀ ದಿನ ಕೂರುವುದರಿಂದ ಆಗದು, ಏಕೆಂದರೆ ಕಲಿಯುತ್ತಿರುವುದು ಬೆರಳುಗಳು.

ಪ್ರವೇಶ ಪರೀಕ್ಷೆ ಕಂಪ್ಯೂಟರ್‌ನಲ್ಲಿ ಎಂದು ಗೊತ್ತಾದರೆ ಸ್ಕ್ರೀನ್ ರೀಡರ್ ಬೇಕೆಂದು ಅರ್ಜಿಯಲ್ಲೇ ಬರೆದು ಕೇಳಿ, ಉತ್ತರವನ್ನೂ ಬರಹದಲ್ಲಿ ಪಡೆಯಿರಿ. ಬೇರೆ ತಂತ್ರಾಂಶಗಳನ್ನೆಲ್ಲ ತಡೆಯುವ ಪರೀಕ್ಷಾ ಬ್ರೌಸರ್‌ಗಳು ಎನ್‌ವಿಡಿಎಯನ್ನೂ ತಡೆದುಬಿಡಬಹುದು. ಅಣಕು ಪರೀಕ್ಷೆ ಇದ್ದರೆ ಎನ್‌ವಿಡಿಎ ಇಟ್ಟುಕೊಂಡೇ ಬರೆಯಿರಿ. ಪರೀಕ್ಷೆಯ ಹಿಂದಿನ ದಿನ ಅದೇ ಕೇಂದ್ರದ ಅದೇ ಕಂಪ್ಯೂಟರ್‌ನಲ್ಲಿ ಹೆಡ್‌ಫೋನ್, ಕೀಬೋರ್ಡ್ ವಿನ್ಯಾಸ ಮತ್ತು ಮಾತಿನ ವೇಗ ಸರಿಯಿದೆಯೇ ಎಂದು ನೋಡಲು ಹತ್ತು ನಿಮಿಷ ಬಿಡುವಂತೆ ಕೇಳಿಕೊಳ್ಳಿ.